ಕಾಯುವ ಹೊತ್ತಿಗೆ ಕೂಲಿಯಿಲ್ಲ



ಜಗತ್ತಿನ ದೊಡ್ಡ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಯುರೋಪಿನ ಕಚೇರಿಗಳನ್ನು ಸಾಲಾಗಿ ತೆರೆದು ಕೂತಿರುವ ದೇಶ ಐರ್ಲೆಂಡ್. ಆದರೆ 2015ರ ಜುಲೈವರೆಗೆ ಆ ದೇಶಕ್ಕೆ ಪಿನ್ ಕೋಡ್ ಇರಲಿಲ್ಲವೆಂದರೆ ನಂಬುತ್ತೀರಾ? ನಮ್ಮಲ್ಲಿ ಅದು ಬಂದದ್ದು 1972ರಲ್ಲಿ. ಅಲ್ಲಿ ಡಬ್ಲಿನ್ ನಗರಕ್ಕೇನೋ ಹಳೆಯ ವಲಯ ಸಂಖ್ಯೆಗಳಿದ್ದವು. ಹಳ್ಳಿಗಾಡಿನಲ್ಲಿ ಮನೆಗೆ ನಂಬರಿಲ್ಲ, ಎಷ್ಟೋ ಕಡೆ ರಸ್ತೆಗೂ ಹೆಸರಿಲ್ಲ. ವಿಳಾಸವೆಂದರೆ ಮನೆಯವರ ಹೆಸರು, ‘ಟೌನ್‌ಲ್ಯಾಂಡ್’ ಎನ್ನುವ ಪುಟ್ಟ ಸೀಮೆಯ ಹೆಸರು, ಆಮೇಲೆ ಜಿಲ್ಲೆ, ಅಂದರೆ ಕೌಂಟಿ. ಒಂದೇ ಸೀಮೆಯಲ್ಲಿ ನಾಲ್ಕು ಮರ್ಫಿಗಳಿದ್ದರೆ ನಾಲ್ವರಿಗೂ ಅದೇ ವಿಳಾಸ. ಇದು ತಮಾಷೆಯ ಮಾತಲ್ಲ. ಆ ದೇಶದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಟ್ಟಡಗಳ ವಿಳಾಸ ಮತ್ತೊಂದು ಕಟ್ಟಡಕ್ಕೂ ಸಲ್ಲುವಂಥದ್ದು.

ಅಂಚೆಯವನಿಗೆ ಇದರಿಂದ ಏನೂ ಅಡ್ಡಿಯಾಗುತ್ತಿರಲಿಲ್ಲ. ಸರ್ಕಾರಿ ಅಂಚೆ ಸಂಸ್ಥೆ ‘ಆನ್ ಪೋಸ್ಟ್’ನಲ್ಲಿ ಬಟವಾಡೆ ಮಾಡುವವನ ದಾರಿ ವರ್ಷಗಟ್ಟಲೆ ಅದೇ. ಯಾವ ಮರ್ಫಿಯ ಮಗಳು ಬಾಸ್ಟನ್‌ನಿಂದ ಬರೆಯುತ್ತಾಳೆ ಎಂಬುದೂ ಅವನಿಗೆ ಗೊತ್ತು. ಕಷ್ಟ ಬಂದದ್ದು ಆನ್‌ಲೈನ್ ಖರೀದಿ ಬೆಳೆದು, ಊರು ಗೊತ್ತಿಲ್ಲದ ಕೊರಿಯರ್ ಡ್ರೈವರ್ ವ್ಯಾನ್ ತುಂಬ ಡಬ್ಬ ಹೇರಿಕೊಂಡು ಬಂದಾಗ. 2015ರಲ್ಲಿ ಬಂದ ಏರ್‌ಕೋಡ್ ಅವನಿಗೆ ದೊಡ್ಡ ಆಸರೆ. ಏಳು ಅಕ್ಷರ, ಅಂಕಿಗಳ ಈ ಗುರುತು ಒಂದೊಂದು ವಿಳಾಸಕ್ಕೂ ಬೇರೆ ಬೇರೆ. ನಮ್ಮ ಪಿನ್ ಕೋಡ್ ಅಂಚೆ ಕಚೇರಿಯವರೆಗೆ ಕರೆದೊಯ್ಯುತ್ತದೆ, ಏರ್‌ಕೋಡ್ ಬಾಗಿಲಿಗೇ. ಆದರೆ ‘ಬೋರೀನ್’ ಎಂದು ಅವರು ಕರೆಯುವ, ಒಂದೇ ಗಾಡಿ ಹಿಡಿಸುವ ಓಣಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿಯಲೇಬೇಕು. ಗೇಟು ತೆಗೆದು ಮುಚ್ಚಲೇಬೇಕು. ನಾಯಿಯ ವಿಷಯ ಹೇಳುವುದೇ ಬೇಡ.

ಇಷ್ಟಕ್ಕೆಲ್ಲ ಹೊತ್ತು ಬೇಕು. ಆ ಹೊತ್ತಿನ ಬೆಲೆ ಯಾರ ಜೇಬಿನಿಂದ?

ಎಷ್ಟೋ ಕೊರಿಯರ್ ಜಾಲಗಳಲ್ಲಿ ಡ್ರೈವರ್ ಕಾಗದದ ಮೇಲೆ ನೌಕರನಲ್ಲ, ಸ್ವಂತ ಉದ್ಯೋಗಿ. ವ್ಯಾನು, ಡೀಸೆಲ್ಲು, ವಿಮೆ ಎಲ್ಲ ಅವನದೇ. ಕೂಲಿ ಪಾರ್ಸೆಲ್ ಲೆಕ್ಕದಲ್ಲಿ. ಹಾಗಾದಾಗ ಬೆಳಗಿನ ಜಾವ ಡಿಪೋದಲ್ಲಿ ಡಬ್ಬ ವಿಂಗಡಿಸಿ ತುಂಬುವ ಹೊತ್ತು, ಮನೆ ಹುಡುಕುವ ಹೊತ್ತು, ಬೆಲ್ ಒತ್ತಿ ನಿಲ್ಲುವ ಹೊತ್ತು, ಎಲ್ಲ ಬಿಟ್ಟಿ. ‘ನೀವು ಮನೆಯಲ್ಲಿರಲಿಲ್ಲ’ ಎಂಬ ಚೀಟಿ ನೋಡಿ, ಮನೆಯಲ್ಲೇ ಇದ್ದ ಗ್ರಾಹಕನಿಗೆ ಸಿಟ್ಟು ಬರುವುದು ಸಹಜ. ನನಗೆ ಮಾತ್ರ ಆ ಚೀಟಿಯಲ್ಲಿ ಡ್ರೈವರನ ಸೋಮಾರಿತನಕ್ಕಿಂತ ಕೂಲಿಯ ಲೆಕ್ಕವೇ ಹೆಚ್ಚು ಕಾಣುತ್ತದೆ.

ಲಾರಿ ಡ್ರೈವರನಿಗೆ ಯುರೋಪಿನ ಕಾನೂನಿನ ಕಾವಲಿದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ, ಎಷ್ಟು ಓಡಿಸಿದ ಎಂದು ಬರೆದಿಡುವ ಯಂತ್ರ. ಆದರೆ ಮೂರೂವರೆ ಟನ್ನಿನೊಳಗಿನ ವ್ಯಾನು ದೇಶದೊಳಗೇ ಓಡಿದರೆ ಆ ನಿಯಮಕ್ಕೆ ಸಿಗುವುದಿಲ್ಲ. ವಾರಕ್ಕೆ ಸರಾಸರಿ 48 ಗಂಟೆಯ ಮಿತಿ ಹಾಕುವ 1997ರ ಐರಿಷ್ ಕಾನೂನು ಇರುವುದು ನೌಕರರಿಗೆ.

ನೌಕರ, ಸ್ವಂತ ಉದ್ಯೋಗಿ ಎಂಬ ಈ ಗೋಡೆಗೆ ಬಿರುಕು ಬಿಟ್ಟದ್ದು ಪಿಜ್ಜಾದಿಂದ! ಡಾಮಿನೋಸ್ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಕಾರ್ಶನ್ ಎಂಬ ಕಂಪನಿ, ತನ್ನ ಡ್ರೈವರುಗಳು ಸ್ವತಂತ್ರ ಗುತ್ತಿಗೆದಾರರು ಎಂದು ವಾದಿಸಿತು. ಸಹಿ ಹಾಕಿದ ಒಪ್ಪಂದದಲ್ಲೂ ಹಾಗೇ ಇತ್ತು. 2010 ಮತ್ತು 2011ರ ತೆರಿಗೆಯ ತಕರಾರು ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಐರ್ಲೆಂಡಿನ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಅಕ್ಟೋಬರ್ 20ರಂದು ಏಳು ನ್ಯಾಯಮೂರ್ತಿಗಳು ಒಮ್ಮತದಿಂದ, ತೆರಿಗೆಯ ಲೆಕ್ಕಕ್ಕೆ ಇವರು ನೌಕರರೇ ಎಂದರು. ಕಾಗದದಲ್ಲಿ ಬರೆದದ್ದಷ್ಟೇ ಸಾಲದು, ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು ಎಂದು ಹೇಳಿ, ನೌಕರ ಯಾರೆಂದು ತೀರ್ಮಾನಿಸಲು ಐದು ಪ್ರಶ್ನೆಗಳನ್ನು ಕೊಟ್ಟರು. ಹಾಗೆಂದು ಮರುದಿನವೇ ಕೊರಿಯರ್ ಡ್ರೈವರುಗಳೆಲ್ಲ ನೌಕರರಾಗಲಿಲ್ಲ. ಒಬ್ಬೊಬ್ಬರ ಕೆಲಸವನ್ನೂ ಬೇರೆ ಬೇರೆಯಾಗಿ ತೂಗಬೇಕು.

ನೌಕರನಿಗೂ ಗುತ್ತಿಗೆಯವನಿಗೂ ಇರುವ ವ್ಯತ್ಯಾಸ ಎಷ್ಟು ದೊಡ್ಡದೆಂದು 2025ರ ಅಕ್ಟೋಬರ್ ಕೊನೆಯಲ್ಲಿ ತಿಳಿಯಿತು. ಕ್ರಿಸ್ಮಸ್ ಸುಗ್ಗಿ ಎದುರಿಗಿರುವಾಗಲೇ ಫಾಸ್ಟ್‌ವೇ ಕೊರಿಯರ್ಸ್ ಕಂಪನಿ ರಿಸೀವರ್, ಅಂದರೆ ಸಾಲ ವಸೂಲಿಗೆ ನೇಮಕವಾದವರ ಕೈಗೆ ಹೋಯಿತು. ಸಾವಿರಾರು ಪಾರ್ಸೆಲ್‌ಗಳು ಅರ್ಧ ದಾರಿಯಲ್ಲಿ ನಿಂತವು. ಸುಮಾರು 300 ನೌಕರರ ಕೆಲಸಕ್ಕೆ ಕುತ್ತು ಬಂತು, ಜೊತೆಗೆ ಗುತ್ತಿಗೆಯ ನೂರಾರು ಡ್ರೈವರುಗಳಿಗೂ. ನೌಕರನಾದವನಿಗೆ ಕೆಲಸ ಹೋದರೆ, ಕಂಪನಿಯ ಹತ್ತಿರ ಕಾಸಿಲ್ಲದಿದ್ದರೂ, ಕಾನೂನಿನಂತೆ ಬರಬೇಕಾದ ಪರಿಹಾರಕ್ಕೆ ಸರ್ಕಾರದ ನಿಧಿಯಿದೆ. ಗುತ್ತಿಗೆಯವನು ಬಾಕಿ ಬರಬೇಕಾದವರ ಸಾಲಿನಲ್ಲಿ ನಿಲ್ಲಬೇಕು, ಅದೂ ಬ್ಯಾಂಕುಗಳ ಹಿಂದೆ.

ಗ್ರಾಹಕನ ಕಡೆಗೆ ಕಾನೂನು ಇಷ್ಟು ಕಠಿಣವಾಗಿಲ್ಲ. ಅಲ್ಲಿನ 2022ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಸಾಮಾನು ಕೈಗೆ ಬರುವವರೆಗೂ ಹೊಣೆ ಮಾರಿದವನದೇ. ಹಾಗಾಗಿ ಪಾರ್ಸೆಲ್ ಬರದಿದ್ದರೆ ಕೇಳಬೇಕಾದದ್ದು ಡ್ರೈವರನನ್ನಲ್ಲ, ಅಂಗಡಿಯನ್ನು.

ನಮ್ಮ ಕರ್ನಾಟಕವೂ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್‌ಗಳ ಮೂಲಕ ಕೆಲಸ ಮಾಡುವವರಿಗಾಗಿ, ಕಾಯ್ದೆ ತಂದಿದೆ. ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರಷ್ಟನ್ನು ಕಂಪನಿಗಳಿಂದ ವಸೂಲು ಮಾಡಿ ಕಲ್ಯಾಣ ನಿಧಿಗೆ ಹಾಕುವುದು ಅದರ ದಾರಿ. ಡಬ್ಲಿನ್ನಿನ ಕೋರ್ಟು ಎತ್ತಿದ ಪ್ರಶ್ನೆಯನ್ನು, ಅಂದರೆ ಬೆಲ್ ಒತ್ತಿ ನಿಂತವನು ನೌಕರನೋ ಅಲ್ಲವೋ ಎಂಬುದನ್ನು, ಅದು ಮುಟ್ಟಲು ಹೋಗಿಲ್ಲ. ಬಹುಶಃ ಜಾಣತನದಿಂದಲೇ.