ಸಾವಿನ ಮನೆಯ ಮುಂದೆ ನಿಲ್ಲುವವರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2006ನೇ ಸಾಲಿನ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್.)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪಾ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಅವರ ಅನುಮತಿ ಪಡೆದು ವಿಷಯ ಬದಲಿಸಿದ್ದೇನೆ. ಹಬ್ಬದಂಥ ದಿನ ಸಾವಿನ ಮಾತು ಯಾಕೆ ತೆಗೆದ ಎಂದು ಹಿರಿಯರು ಬೇಸರ ಮಾಡಿಕೊಳ್ಳಬಾರದು. ಹೇಳಬೇಕಾದವರೆಲ್ಲ ಒಂದೇ ಪೆಂಡಾಲಿನಲ್ಲಿ ಸಿಗುವುದು ಇವತ್ತೇ.

2015ರಲ್ಲಿ ಕಂಪನಿಯವರು ನನ್ನನ್ನು ಕೆಲಸದ ಮೇಲೆ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಕಳಿಸಿದ್ದರು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಕ್ಯಾನ್ಸಸ್ ರಾಜ್ಯದ ರಾಜಧಾನಿ ಟೊಪೀಕಾ ಇದೆ. ಒಂದು ಭಾನುವಾರ ಊರು ನೋಡಲು ಹೋದಾಗ ರಸ್ತೆ ಬದಿಯಲ್ಲಿ ಏಳೆಂಟು ಜನ ಬಣ್ಣಬಣ್ಣದ ಫಲಕ ಹಿಡಿದು ನಿಂತಿದ್ದರು. ಮಕ್ಕಳೂ ಇದ್ದರು. ಶಾಲೆಯ ಜಾಥಾ ಇರಬೇಕು ಅಂದುಕೊಂಡೆ. ಹತ್ತಿರ ಹೋಗಿ ಓದಿದರೆ ಎಲ್ಲದರ ಮೇಲೂ ದೇವರು ಯಾರು ಯಾರನ್ನು ದ್ವೇಷಿಸುತ್ತಾನೆ ಎಂಬ ಪಟ್ಟಿ.

ಅವರು ವೆಸ್ಟ್‌ಬರೊ ಬ್ಯಾಪ್ಟಿಸ್ಟ್ ಚರ್ಚ್ ಎಂಬ ಸಣ್ಣ ಗುಂಪಿನವರು. ಫ್ರೆಡ್ ಫೆಲ್ಪ್ಸ್ ಎಂಬ ಪಾದ್ರಿ ಕಟ್ಟಿದ್ದು. ಹೆಚ್ಚಿನವರು ಅವನ ಮಕ್ಕಳು, ಮೊಮ್ಮಕ್ಕಳು. ಅಮೆರಿಕ ಸಲಿಂಗಿಗಳನ್ನು ಸಹಿಸಿಕೊಳ್ಳುತ್ತದೆ, ಅದಕ್ಕೇ ದೇವರು ಅಲ್ಲಿನ ಸೈನಿಕರನ್ನು ಕೊಲ್ಲುತ್ತಿದ್ದಾನೆ ಎಂಬುದು ಅವರ ವಾದ. ಈ ವಾದ ಹೇಳಲು ಅವರು ಆರಿಸಿಕೊಂಡ ಜಾಗ ಸೈನಿಕರ ಅಂತ್ಯಕ್ರಿಯೆ.

2006ರ ಮಾರ್ಚಿನಲ್ಲಿ ನಾವು ಇದೇ ಕೊಠಡಿಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆವು. ಆ ತಿಂಗಳ 3ರಂದು ಮ್ಯಾಥ್ಯೂ ಸ್ನೈಡರ್ ಎಂಬ 20 ವರ್ಷದ ಅಮೆರಿಕನ್ ಸೈನಿಕ ಇರಾಕಿನಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡ. 10ರಂದು ಮೇರಿಲ್ಯಾಂಡ್ ರಾಜ್ಯದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಂತ್ಯಕ್ರಿಯೆ. ಚರ್ಚಿನಿಂದ ಸುಮಾರು ಸಾವಿರ ಅಡಿ ದೂರದಲ್ಲಿ, ಪೊಲೀಸರು ತೋರಿಸಿದ ಜಾಗದಲ್ಲಿ ಈ ಗುಂಪಿನ ಏಳು ಜನ ನಿಂತರು. ಸೈನಿಕರು ಸತ್ತದ್ದಕ್ಕೆ ದೇವರಿಗೆ ವಂದನೆ ಎಂದು ಒಂದು ಫಲಕದಲ್ಲಿತ್ತು. ಆ ಹುಡುಗನಿಗೂ ಅವರ ವಾದಕ್ಕೂ ಯಾವ ಸಂಬಂಧವೂ ಇರಲಿಲ್ಲ. ತಂದೆ ಆಲ್ಬರ್ಟ್ ಸ್ನೈಡರ್‌ಗೆ ಅವತ್ತು ಫಲಕಗಳ ತುದಿ ಮಾತ್ರ ಕಂಡಿತ್ತು. ಏನು ಬರೆದಿತ್ತೆಂದು ಗೊತ್ತಾದದ್ದು ರಾತ್ರಿ ಟಿ.ವಿ. ವಾರ್ತೆಯಲ್ಲಿ.

ಅವರು ಕೋರ್ಟಿಗೆ ಹೋದರು. 2007ರಲ್ಲಿ ಜ್ಯೂರಿ ಒಂದು ಕೋಟಿ ಒಂಬತ್ತು ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. ನ್ಯಾಯಾಧೀಶರು ಅದನ್ನು 50 ಲಕ್ಷಕ್ಕೆ ಇಳಿಸಿದರು. ಮೇಲಿನ ಕೋರ್ಟು ಅದನ್ನೂ ರದ್ದು ಮಾಡಿತು. ಅಷ್ಟೇ ಅಲ್ಲ, ಎದುರು ಪಕ್ಷದ ಕೋರ್ಟು ಖರ್ಚು 16,510 ಡಾಲರನ್ನು ಮಗನನ್ನು ಕಳೆದುಕೊಂಡ ತಂದೆಯೇ ಕಟ್ಟಬೇಕೆಂದಿತು. ಕೊನೆಗೆ 2011ರ ಮಾರ್ಚ್ 2ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಜನ ಫೆಲ್ಪ್ಸ್ ಗುಂಪಿನ ಪರ ತೀರ್ಪು ಕೊಟ್ಟರು. ಮಾತು ಸಾರ್ವಜನಿಕ ವಿಷಯದ ಬಗ್ಗೆ ಇತ್ತು, ಜಾಗ ಸಾರ್ವಜನಿಕವಾಗಿತ್ತು, ಪೊಲೀಸರ ಮಾತು ಮೀರಿರಲಿಲ್ಲ. ನೋವಾಯಿತೆಂಬ ಕಾರಣಕ್ಕೆ ಮಾತಿಗೆ ಶಿಕ್ಷೆ ಕೊಡಲಾಗದು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಭಿನ್ನಮತ ಬರೆದವರು ಸ್ಯಾಮ್ಯುಯೆಲ್ ಅಲಿಟೊ ಒಬ್ಬರೇ. ವಿಷಯ ಚರ್ಚಿಸಲು ದೇಶದಲ್ಲಿ ಬೇಕಾದಷ್ಟು ಜಾಗವಿರುವಾಗ, ದುಃಖದಲ್ಲಿರುವ ತಂದೆಯ ಮೇಲೆ ಎರಗುವುದು ಚರ್ಚೆಯಲ್ಲ ಎಂಬುದು ಅವರ ನಿಲುವು.

ಇದನ್ನು ಓದಿದ ರಾತ್ರಿ ನನಗೆ ತುಂಬಾ ಸಿಟ್ಟು ಬಂತು. ನಮ್ಮ ದೇಶವೇ ವಾಸಿ ಅನಿಸಿತು. ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತಲೇ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆಯಂಥ ಕಾರಣಗಳಿಗೆ ಮಿತಿಯನ್ನೂ ಹಾಕಲು ಬಿಡುತ್ತದೆ. ನೋಯಿಸುವ ಉದ್ದೇಶದಿಂದ ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಟ್ಟರೆ ಒಂದು ವರ್ಷದವರೆಗೆ ಸಜೆ ಎಂದು 1860ರ ದಂಡ ಸಂಹಿತೆಯ 297ನೇ ಕಲಮಿನಲ್ಲೇ ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 301ನೇ ಕಲಮು. ಅಂತ್ಯಕ್ರಿಯೆಗೆ ಇಂಥ ರಕ್ಷಣೆ ಇರಬೇಕು ಎಂದೇ ಇವತ್ತಿಗೂ ನನ್ನ ಅಭಿಪ್ರಾಯ. ಅಮೆರಿಕದಲ್ಲೂ 2012ರಲ್ಲಿ, ಸೈನಿಕರ ಅಂತ್ಯಕ್ರಿಯೆಗೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಪ್ರತಿಭಟನಕಾರರು 300 ಅಡಿ ದೂರವಿರಬೇಕೆಂದು ಕಾನೂನು ಬಂತು.

ಆದರೆ 'ನಮಗೆ ನೋವಾಯಿತು' ಎಂಬುದೊಂದೇ ಅಳತೆಯಾದರೆ ಕಷ್ಟ. 1927ರಲ್ಲಿ ಅಂಬೇಡ್ಕರ್ ಅವರು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದಾಗ ಅಲ್ಲಿನ ಮೇಲ್ಜಾತಿಯವರಿಗೂ ನೋವಾಗಿತ್ತು. ಅವರು ಕೆರೆಗೆ ಶುದ್ಧಿ ಮಾಡಿಸಿದರು. ಅವರ ನೋವನ್ನೇ ಕಾನೂನು ಅಳತೆ ಮಾಡಿಕೊಂಡಿದ್ದರೆ ಈ ಶಾಲೆಯ ನಲ್ಲಿಯಲ್ಲಿ ನಾವೆಲ್ಲ ಒಟ್ಟಿಗೆ ನೀರು ಕುಡಿಯುತ್ತಿದ್ದೆವೇ? ಹಾಗಾಗಿ ಆ ಎಂಟು ನ್ಯಾಯಮೂರ್ತಿಗಳ ಭಯ ನನಗೆ ಈಗ ಅರ್ಥವಾಗುತ್ತದೆ.

ಕಾನೂನು ಬಾಯಿ ಮುಚ್ಚಿಸದಿದ್ದರೆ ಸಾವಿನ ಮನೆಯವರ ಗತಿಯೇನು? ಇದಕ್ಕೆ ಅಲ್ಲಿನ ಸಾಮಾನ್ಯ ಜನ ಕೊಟ್ಟ ಉತ್ತರ ನನಗೆ ತೀರ್ಪಿಗಿಂತ ದೊಡ್ಡದು. 1998ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ವಿದ್ಯಾರ್ಥಿಯ ಕೊಲೆಯಾಯಿತು. ಮರುವರ್ಷ ಆ ಮೊಕದ್ದಮೆಯ ಕೋರ್ಟಿನ ಮುಂದೆ ಫೆಲ್ಪ್ಸ್ ಗುಂಪು ಬಂದಾಗ, ಹುಡುಗನ ಗೆಳೆಯರು ಬಿಳಿ ಬಟ್ಟೆಯ ದೊಡ್ಡ ದೊಡ್ಡ ರೆಕ್ಕೆ ಕಟ್ಟಿಕೊಂಡು ಫಲಕಗಳಿಗೆ ಅಡ್ಡ ನಿಂತರು. ಬಾಯಿ ತೆರೆಯಲಿಲ್ಲ, ಕೈ ಎತ್ತಲಿಲ್ಲ. ಮುಂದೆ 2005ರಲ್ಲಿ ಮೋಟರ್‌ಸೈಕಲ್ ಸವಾರರು ಒಂದು ಸಂಘ ಕಟ್ಟಿಕೊಂಡರು. ಮನೆಯವರು ಕರೆದರೆ ಬಂದು, ಬಾವುಟ ಹಿಡಿದು ಸಾಲಾಗಿ ನಿಂತು, ಆ ಫಲಕಗಳು ಕಾಣದಂತೆ ಮರೆಯಾಗುತ್ತಾರೆ. ಕಾನೂನು ಬದಲಾಗಲಿ ಎಂದು ಇವರು ಕಾಯಲಿಲ್ಲ.

ಈಗ ನಮ್ಮ ಮಾತಿಗೆ ಬರುತ್ತೇನೆ.

ನಮ್ಮೂರಲ್ಲಿ ಹೊಲದ ಬದುವಿಗೆ ಬಡಿದಾಡಿ ಕೋರ್ಟು ಹತ್ತಿದವರೂ ಸಾವಾದಾಗ ಮಣ್ಣಿಗೆ ಹೋಗಿ ಬರುತ್ತಾರೆ. ಯಾವ ಜಾತಿ, ಯಾವ ಧರ್ಮ ಕೇಳುವುದಿಲ್ಲ. ಆದರೆ ನಾವು ಈಗ ಇನ್ನೊಂದು ಊರಿನಲ್ಲೂ ಇದ್ದೇವೆ, ಮೊಬೈಲಿನೊಳಗೆ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಅರವತ್ತು ಜನ, ಅಡ್ಮಿನ್ ನಾನು. 2021ರ ಮೇ ತಿಂಗಳಲ್ಲಿ ನಮ್ಮ ಸಹಪಾಠಿಯೊಬ್ಬ ಕೋವಿಡ್‌ನಿಂದ ಹೋದ. ಮೂರನೇ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಸುದ್ದಿ ಬಂದು ಎರಡು ಗಂಟೆಯಾಗಿರಲಿಲ್ಲ, ಗುಂಪಿಗೆ ಒಂದು ಫಾರ್ವರ್ಡ್ ಬಂತು. ಅವನ ಧರ್ಮದವರಿಗೆ ದೇವರೇ ಶಿಕ್ಷೆ ಕೊಡುತ್ತಿದ್ದಾನೆ ಎಂಬ ಅರ್ಥದ್ದು. ಟೊಪೀಕಾದ ಫಲಕ ನಮ್ಮ ಊರಿಗೇ ಬಂದಿತ್ತು.

ನಾನು ಓದಿದೆ. ಆಗ ಬೇರೆಯವರ ಮೆಸೇಜನ್ನು ಅಡ್ಮಿನ್ ಅಳಿಸುವ ಹಾಗಿರಲಿಲ್ಲ. ಆದರೆ ಬರೆಯಬಹುದಿತ್ತು. 'ಇದು ತಪ್ಪು, ನಮ್ಮ ಗೆಳೆಯ ಹೋಗಿದ್ದಾನೆ' ಎಂದು ಒಂದು ಸಾಲು. ಯಾರಿಗೆ ಬೇಕು ಜಗಳ ಎಂದು ಫೋನ್ ಕೆಳಗಿಟ್ಟೆ. ಅವನ ಫೋನು ಅವನ ಹೆಂಡತಿಯ ಕೈಯಲ್ಲಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ.

ಲಾಕ್‌ಡೌನ್ ಮುಗಿದ ಮೇಲೆ ಆ ತಾಯಿಯನ್ನು ನೋಡಲು ಹೋದೆ. ಟೀ ಕೊಟ್ಟರು. ಮಗನ ಓದಿನ ಮಾತಾಯಿತು. ನಾನು ಏಳುವಾಗ ಅಂದರು: "ಬರೆದೋರು ಒಬ್ಬರು ಅಣ್ಣಾ. ಅವರನ್ನ ಮರೆತುಬಿಟ್ಟೆ. ಮಿಕ್ಕೋರೆಲ್ಲ ಸುಮ್ಮನಿದ್ರಲ್ಲ, ಅದು ಮರೆಯಕ್ಕೆ ಆಗ್ತಿಲ್ಲ."

ಕಳಿಸಿದವರ ಹೆಸರು ನಾನು ಹೇಳುವುದಿಲ್ಲ. ಹುಡುಕಲೂ ಹೋಗಬೇಡಿ. ಅವರನ್ನು ಗುಂಪಿನಿಂದ ತೆಗೆಯಲೂ ಇಲ್ಲ. ಫೆಲ್ಪ್ಸನ ಮೊಮ್ಮಗಳು ಮೇಗನ್ ಐದು ವರ್ಷದವಳಿದ್ದಾಗಿನಿಂದ ಫಲಕ ಹಿಡಿದವಳು. ಟ್ವಿಟರ್‌ನಲ್ಲಿ ಅವಳ ಜೊತೆ ತಾಳ್ಮೆಯಿಂದ ವಾದ ಮಾಡಿದ ಅಪರಿಚಿತರಿಂದಾಗಿ ಮನಸ್ಸು ಬದಲಾಗಿ 2012ರಲ್ಲಿ ಆ ಚರ್ಚು ಬಿಟ್ಟಳು. ಮಾತು ನಿಲ್ಲಿಸಿದ್ದರೆ ಅವಳು ಹೊರಗೆ ಬರುತ್ತಿದ್ದಳೋ ಇಲ್ಲವೋ. ಈ ಸಭೆಯಲ್ಲಿ ನಾನು ತಪ್ಪಿತಸ್ಥನೆಂದು ಹೇಳುವುದು ಒಬ್ಬನನ್ನೇ, ಸುಮ್ಮನಿದ್ದ ಅಡ್ಮಿನ್‌ನನ್ನು. ಆ ಮನೆಯವರು ಇಲ್ಲಿ ಬಂದಿದ್ದಾರೆ. ಅಮ್ಮಾ, ಎಲ್ಲರ ಎದುರು ಕ್ಷಮೆ ಕೇಳುತ್ತೇನೆ.

2014ರ ಮಾರ್ಚಿನಲ್ಲಿ ಫ್ರೆಡ್ ಫೆಲ್ಪ್ಸ್ ಸತ್ತ. ಕೆಲವೇ ದಿನಗಳಲ್ಲಿ ಅವನ ಕಡೆಯವರು ಕ್ಯಾನ್ಸಸ್ ಸಿಟಿಯ ಒಂದು ಸಂಗೀತ ಕಾರ್ಯಕ್ರಮದ ಹೊರಗೆ ಮತ್ತೆ ಫಲಕ ಹಿಡಿದು ನಿಂತರು. ರಸ್ತೆಯ ಆ ಬದಿಯಲ್ಲಿ ಅವರ ವಿರೋಧಿಗಳೂ ಒಂದು ಫಲಕ ಹಿಡಿದಿದ್ದರು. ಅದರಲ್ಲಿದ್ದದ್ದು ಬೈಗುಳವಲ್ಲ. ನಿಮಗಾದ ನಷ್ಟಕ್ಕೆ ನಮ್ಮ ಸಂತಾಪ, ಇಷ್ಟೇ.

ಸಾವಿನ ಮನೆಯ ಮುಂದೆ ಯಾರು ಏನು ಬೇಕಾದರೂ ಕೂಗಬಹುದೇ ಎಂಬುದನ್ನು ಕೋರ್ಟುಗಳು ತೀರ್ಮಾನಿಸಲಿ. ಅಂಥ ಹೊತ್ತಿನಲ್ಲಿ ಆ ಮನೆಯವರ ಪಕ್ಕ ಹೋಗಿ ನಿಲ್ಲುವುದು ನಮ್ಮ ಕೆಲಸ. ಬೀದಿಯಲ್ಲಿ ನಮ್ಮ ಹಿರಿಯರು ಅದನ್ನು ಮಾಡಿಕೊಂಡೇ ಬಂದಿದ್ದಾರೆ. ಮೊಬೈಲಿನಲ್ಲಿ ನಾವು ಇನ್ನೂ ಕಲಿಯಬೇಕು.