ಗೋಡೆ ಹತ್ತು, ಸೂರು ಒಂದು

(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಿಲ್ಲು ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೊಪ್ಪದಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲಕ್ಕೆ ಇನ್ನು ಹೆಚ್ಚು ದಿನವಿಲ್ಲ. ಹೆಂಚು ಕೈಯಾಡಿಸುವವರು, ಸೌದೆ ಒಟ್ಟುವವರು ಎಲ್ಲರೂ ಅವಸರದಲ್ಲಿದ್ದೀರಿ. ಆದ್ದರಿಂದ ಇಂದು ದಿಲ್ಲಿಯ ಮಾತು, ಬೆಂಗಳೂರಿನ ಮಾತು ಬೇಡ. ನಾವು ಮಲಗುವ ಸೂರಿನ ಮಾತನ್ನೇ ಆಡೋಣ. ಸೂರಿನ ಮಾತು ರಾಜಕೀಯವಲ್ಲವೆಂದು ಮಾತ್ರ ಯಾರೂ ತಿಳಿಯಬೇಡಿ.

ಇಲ್ಲಿ ಸೇರಿದವರಲ್ಲಿ ನಾಲ್ಕೂ ಕಡೆ ಸ್ವಂತ ಬೇಲಿಯಿರುವ ಒಂಟಿ ಮನೆಯವರು ಎಷ್ಟು ಜನ? ಹೆಚ್ಚು ಕೈ ಏಳಲಾರವು. ಅಕ್ಕಿ ಗಿರಣಿಯ ಹಿಂದಿನ ಬಿಡಾರ, ಸಾ ಮಿಲ್ಲಿನ ಪಕ್ಕದ ಸಾಲುಮನೆ, ಪೇಟೆಬೀದಿಯಲ್ಲಿ ಮುಂದೆ ಅಂಗಡಿ ಹಿಂದೆ ಸಂಸಾರ, ಬಾಳೆಹೊನ್ನೂರು ಜಯಪುರಗಳ ಕಡೆಗೆ ಹೋದರೆ ಕಾಫಿ ತೋಟದ ಲೈನು. ಇವೇ ನಮ್ಮ ಮನೆಗಳು. ಈಚೆಗೆ ಎರಡು ಮೂರು ಅಂತಸ್ತಿನ ಬಾಡಿಗೆ ಕಟ್ಟಡಗಳೂ ಇವಕ್ಕೆ ಸೇರಿವೆ.

ಹಳೆಯ ಸಾಲುಮನೆಯಲ್ಲಿ ನಿಂತು ಒಮ್ಮೆ ತಲೆ ಎತ್ತಿ ನೋಡಿ. ಮನೆ ಮನೆಗೂ ನಡುವೆ ಗೋಡೆ ಇದೆ. ಆದರೆ ಎಷ್ಟೋ ಕಡೆ ಆ ಗೋಡೆ ತೊಲೆಯ ಮಟ್ಟಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಹೆಂಚಿನವರೆಗೆ ಬಯಲು. ಕೆಳಗೆ ಹತ್ತು ಮನೆ, ಮೇಲೆ ಒಂದೇ ಅಟ್ಟ. ಹತ್ತನೆಯ ಮನೆಯ ಒಗ್ಗರಣೆಗೆ ಮೊದಲನೆಯ ಮನೆಯವರು ಸೀನುತ್ತಾರೆ. ಒಗ್ಗರಣೆ ದಾಟುವ ದಾರಿಯಲ್ಲಿ ಹೊಗೆಯೂ ದಾಟುತ್ತದೆ, ಬೆಂಕಿಯೂ ದಾಟುತ್ತದೆ, ಬೈಗುಳವೂ ದಾಟುತ್ತದೆ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಇದೇ ಸೀಮೆಯ ಒಂದು ವಠಾರದಲ್ಲಿದ್ದೆವು. ಊರಿನ ಹೆಸರು ಬೇಡ. ಆರು ಸಂಸಾರ, ಒಂದು ಬಾವಿ, ಎರಡು ಬಚ್ಚಲು, ಒಂದು ಚರಂಡಿ. ನಮಗೂ ಪಕ್ಕದ ಮನೆಯವರಿಗೂ ಚರಂಡಿಯ ನೀರಿಗಾಗಿ ಜಗಳ ಹುಟ್ಟಿತು. ಚರಂಡಿಯಿಂದ ಅದು ಬಚ್ಚಲ ಹೊಗೆಗೆ ಹೋಯಿತು, ಹೊಗೆಯಿಂದ ಮಕ್ಕಳ ಮೇಲೆ ಹೋಯಿತು, ಕೊನೆಗೆ ಜಾತಿಯ ಮಾತಿಗೂ ಹೋಯಿತು. ಎಂಟು ತಿಂಗಳು ಎರಡು ಮನೆಗಳ ನಡುವೆ ಮಾತಿರಲಿಲ್ಲ. ಆಷಾಢದ ಒಂದು ಬೆಳಗ್ಗೆ ಗ್ಯಾಸಿನ ವಾಸನೆ ಬಂತು. ನಮ್ಮ ಸಿಲಿಂಡರನ್ನು ನೋಡಿಕೊಂಡೆವು, ಸರಿಯಾಗಿತ್ತು. ‘ಹಾಗಾದರೆ ಅವರದ್ದು’ ಎಂದು ಸುಮ್ಮನಾದೆವು. ಅವರ ಬಾಗಿಲು ತಟ್ಟಲು ಹತ್ತು ಹೆಜ್ಜೆ ಸಾಕಿತ್ತು. ಆ ಹತ್ತು ಹೆಜ್ಜೆ ಇಡಲು ನಮ್ಮ ಅಭಿಮಾನ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದ ಆ ಮನೆಯ ಹೆಂಗಸಿನ ಎರಡೂ ಕೈ ಬೆಂದವು. ಜೀವ ಉಳಿಯಿತು. ಆದರೆ ಆಕೆ ಅಡಿಕೆ ಸುಲಿದು ಸಂಸಾರ ಸಾಗಿಸುತ್ತಿದ್ದವಳು. ಬೆರಳುಗಳು ಮತ್ತೆ ಮೊದಲಿನಂತೆ ಮಡಿಸಲಿಲ್ಲ.

ಕೊಳವೆ ಹಳತಾಗಿ ಸೋರಿದ್ದು ಒಂದು ಕಾರಣ. ಮಾತು ನಿಂತದ್ದು ಇನ್ನೊಂದು ಕಾರಣ. ಮೊದಲನೆಯದನ್ನು ಅಂಗಡಿಯಿಂದ ಹೊಸ ಕೊಳವೆ ತಂದು ಸರಿಪಡಿಸಬಹುದು. ಎರಡನೆಯದಕ್ಕೆ ನಾವು ಹೊಣೆ, ಇಂದಿಗೂ ಹೊಣೆ. ಅಂದಿನಿಂದ ನಮಗೆ ತಿಳಿದ ಪಾಠ ಇಷ್ಟೇ: ವಠಾರದಲ್ಲಿ ಜಗಳ ಬೇರೆಯಲ್ಲ, ಅಪಾಯ ಬೇರೆಯಲ್ಲ. ಮಾತು ಬಿಟ್ಟ ಮನೆಯವರು ಹೊಗೆ ಕಂಡರೂ ಕೂಗುವುದಿಲ್ಲ.

ಜಗಳ ಏಕೆ ಹುಟ್ಟುತ್ತದೆ? ಅವರು ಕೆಟ್ಟವರು, ಇವರು ಒಳ್ಳೆಯವರು ಎಂದಲ್ಲ. ಆರು ಮನೆಗೆ ಒಂದು ಚರಂಡಿ ಕೊಟ್ಟು, ಅದನ್ನು ತೊಳೆಯುವ ಸರದಿ ಯಾರದೆಂದು ಯಾರೂ ಹೇಳದೆ ಬಿಟ್ಟರೆ ದೇವತೆಗಳೂ ಜಗಳವಾಡಿಯಾರು. ಈಗ ತೋಟದ ಲೈನುಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡಗಳಿಂದ ಬಂದ ಕೆಲಸಗಾರರಿದ್ದಾರೆ. ‘ಅವರು ಬಂದ ಮೇಲೆ ನೀರು ಸಾಲುವುದಿಲ್ಲ’ ಎಂದು ನಮ್ಮವರೇ ಗೊಣಗುತ್ತಾರೆ. ಒಂದು ಕೋಣೆಗೆ ಎಂಟು ಜನರನ್ನು ತುಂಬಿ ನಲ್ಲಿಯನ್ನು ಒಂದೇ ಇಟ್ಟವರು ಯಾರು ಎಂದು ಕೇಳುವವರಿಲ್ಲ. ಕೊಡ ಹಿಡಿದು ನಿಂತ ಇಬ್ಬರು ಬಡವರು ಹೊಡೆದಾಡಿದರೆ ಎರಡನೆಯ ನಲ್ಲಿಯ ಖರ್ಚು ಯಾರಿಗೆ ಉಳಿಯಿತು, ಯೋಚಿಸಿ.

ಹಾಗಾದರೆ ಏನು ಮಾಡಬೇಕು? ಮೊದಲು, ವಠಾರಕ್ಕೊಂದು ಕೂಟ ಬೇಕು. ತಿಂಗಳ ಮೊದಲ ಭಾನುವಾರ ಮನೆಗೊಬ್ಬರು ಸೇರಬೇಕು. ಆ ಒಬ್ಬರು ಹೆಂಗಸರಾದರೆ ಇನ್ನೂ ಮೇಲು, ಏಕೆಂದರೆ ಬಾವಿ, ಬಚ್ಚಲು, ಒಲೆಗಳ ವಿಷಯ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಒಂದು ಪುಸ್ತಕ ಇಡಿ. ಚರಂಡಿಯ ಸರದಿ, ನೀರಿನ ಹೊತ್ತು, ಮನೆಗೆ ತಿಂಗಳಿಗೆ 20 ರೂಪಾಯಿಯಂತೆ ಕೂಡಿಸಿದ ಹಣದ ಲೆಕ್ಕ, ಎಲ್ಲವೂ ಅದರಲ್ಲಿ ಬರಲಿ. ತಕರಾರು ಹುಟ್ಟಿದರೆ ಮೂರು ದಿನದೊಳಗೆ ಕೂಟದ ಮುಂದೆ ಹೇಳಬೇಕು. ಚರಂಡಿಯ ಜಗಳದಲ್ಲಿ ಚರಂಡಿಯ ಮಾತೇ ಬರಬೇಕು. ಜಾತಿ, ಭಾಷೆ, ಹಿರಿಯರು ಬರಕೂಡದು.

ಎರಡನೆಯದು ಬೆಂಕಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವುದಿಲ್ಲ. ನೆಲ ಹಿಡಿದು ಹರಿದು, ಬಾಗಿಲ ಸಂದಿಯಿಂದ ಪಕ್ಕದ ಮನೆಯ ಒಲೆಯನ್ನೂ ಹುಡುಕಿಕೊಂಡು ಹೋಗುತ್ತದೆ. ವಾಸನೆ ಬಂದರೆ ದೀಪದ ಸ್ವಿಚ್ಚು ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಸಾಲಿನ ಎಲ್ಲರನ್ನೂ ಹೊರಗೆ ಕರೆದು 1906ಕ್ಕೆ ಫೋನು ಮಾಡಿ. ಬೆಂಕಿ ಎದ್ದರೆ 112. ಬೆಂಗಳೂರಿನ ಈಜಿಪುರದಲ್ಲಿ 2017ರ ಅಕ್ಟೋಬರ್ 16ರ ಬೆಳಗ್ಗೆ ಸಿಲಿಂಡರ್ ಸಿಡಿದು ಬಾಡಿಗೆ ಸಂಸಾರಗಳಿದ್ದ ಕಟ್ಟಡವೇ ಕುಸಿದು ಹಲವರು ಸತ್ತರು. ಸಿಡಿದದ್ದು ಒಂದು ಮನೆಯಲ್ಲಿ. ಸತ್ತವರು ಒಂದೇ ಮನೆಯವರಲ್ಲ.

ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಮೆಟ್ಟಿಲ ಕೆಳಗೆ, ಓಣಿಯಲ್ಲಿ, ಅಟ್ಟದ ಮೇಲೆ ನೀವು ಒಟ್ಟುವ ಗೋಣಿ, ರಟ್ಟು, ಎಣ್ಣೆ ಡಬ್ಬ ನಿಮಗೆ ಬಂಡವಾಳ. ರಾತ್ರಿ ಬೆಂಕಿ ಬಿದ್ದಾಗ ಅದೇ ನಿಮ್ಮ ಮಕ್ಕಳ ದಾರಿಗೆ ಅಡ್ಡ. ಫ್ಯೂಸು ಹೋಯಿತೆಂದು ದಪ್ಪ ತಂತಿ ಕಟ್ಟುವ ಜಾಣತನವೂ ಬೇಡ. ಫ್ಯೂಸು ಇರುವುದೇ ಹೋಗುವುದಕ್ಕೆ. ಅದು ಹೋಗದಿದ್ದರೆ ಮನೆ ಹೋಗುತ್ತದೆ. ಮಳೆಯಲ್ಲಿ ತಂತಿ ಬಿದ್ದರೆ ಮುಟ್ಟದೆ, ಮಕ್ಕಳನ್ನು ದೂರ ನಿಲ್ಲಿಸಿ ಮೆಸ್ಕಾಂನ 1912ಕ್ಕೆ ತಿಳಿಸಿ.

ಮೂರನೆಯದು ಧರೆ. ಗುಡ್ಡ ಕಡಿದು ಸಾಲುಮನೆ ಕಟ್ಟಿದ ಕಡೆಗಳಲ್ಲೆಲ್ಲ ಹಿಂದೆ ಧರೆ ನಿಂತಿದೆ. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಜಿಲ್ಲೆಯದೇ ಆದ ಮೂಡಿಗೆರೆಯ ಕಡೆ ಗುಡ್ಡಗಳು ಕುಸಿದುದನ್ನು ಮರೆತಿಲ್ಲವಷ್ಟೆ. ಧರೆಯ ಮೇಲೆ ಬಿರುಕು, ಬುಡದಲ್ಲಿ ಹೊಸದಾಗಿ ಒಸರುವ ಕೆಂಪು ನೀರು, ವಾಲುತ್ತಿರುವ ಮರ, ಇದ್ದಕ್ಕಿದ್ದಂತೆ ಬಿಗಿಯಾಗುವ ಬಾಗಿಲು: ಇವನ್ನು ಕಂಡವರು ಬೆಳಗಾಗಲಿ ಎಂದು ಕಾಯದೆ ಎಲ್ಲರನ್ನೂ ಎಬ್ಬಿಸಬೇಕು.

ಇದೆಲ್ಲ ನಮ್ಮ ಕೈಯ ಕೆಲಸ. ಗೋಡೆ, ಮಾಡು, ತಂತಿಗಳ ರಿಪೇರಿ ಮಾಲೀಕರ ಕೆಲಸ. ನಮ್ಮ ವಠಾರದಲ್ಲಿ ಒಬ್ಬೊಬ್ಬರೇ ಹೋದಾಗ ಮಾಲೀಕರು ‘ಆ ಮನೆಯವರೇ ಹಾಳು ಮಾಡಿದ್ದು’ ಎಂದು ಕಳಿಸುತ್ತಿದ್ದರು. ಅಪಘಾತದ ನಂತರ ಆರು ಮನೆಯವರೂ ಒಂದೇ ಕಾಗದಕ್ಕೆ ರುಜು ಹಾಕಿ ಹೋದೆವು. ಹದಿನೈದು ದಿನದಲ್ಲಿ ಚರಂಡಿಯೂ ಗೋಡೆಯೂ ಸರಿಯಾದವು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಮಾಲೀಕರು ತಾವು ಮಾಡಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟರೂ ಮಾಡದಿದ್ದಾಗ ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದ್ದರಿಂದ ಬಾಯಿಮಾತು ಸಾಲದು; ಕಾಗದ ಬೇಕು, ಪ್ರತಿ ಇಟ್ಟುಕೊಳ್ಳಬೇಕು.

ತೋಟದ ಲೈನಿನವರು ಇನ್ನೂ ಗಮನವಿಟ್ಟು ಕೇಳಿ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಕೊಟ್ಟ ಮನೆ ಕುಸಿದು ಕೆಲಸಗಾರನೋ ಅವನ ಮನೆಯವರೋ ಸತ್ತರೆ, ಗಾಯಗೊಂಡರೆ ಮಾಲೀಕರು ಪರಿಹಾರ ಕೊಡಬೇಕೆಂದು 1981ರ ತಿದ್ದುಪಡಿ ಹೇಳಿತು. 2025ರ ನವೆಂಬರ್ 21ರಿಂದ ಆ ಕಾಯಿದೆ ಹೋಗಿ ಹೊಸ ಸಂಹಿತೆಗಳು ಬಂದಿವೆ. ಆದರೆ ಮನೆ ಕುಸಿತದ ಪರಿಹಾರ ಹೋಗಿಲ್ಲ. ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಉಳಿದಿದೆ. ಅದರಲ್ಲೊಂದು ಗಂಟೂ ಉಳಿದಿದೆ: ಕುಸಿತಕ್ಕೆ ಕೇವಲ ಮನೆಯಲ್ಲಿದ್ದವರ ತಪ್ಪೋ ಪ್ರಕೃತಿಯ ವಿಕೋಪವೋ ಕಾರಣವಾದರೆ ಪರಿಹಾರವಿಲ್ಲ. ‘ಪಕ್ಕದ ಮನೆಯವನೇ ಗೋಡೆ ಕೆಡವಿದ’ ಎಂದು ನಾವು ಸಿಟ್ಟಿನಲ್ಲಿ ಆಡಿದ ಮಾತು ನಾಳೆ ಯಾರ ಬಾಯಲ್ಲಿ ಸಾಕ್ಷಿಯಾದೀತು? ಬಿರುಕು ಕಂಡ ದಿನವೇ ಎಲ್ಲರೂ ಕೂಡಿ ಬರೆದುಕೊಟ್ಟ ಕಾಗದವಿದ್ದರೆ ಆ ಗಂಟು ಸಡಿಲವಾಗುತ್ತದೆ.

1915ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಯುದ್ಧದ ನಡುವೆ, ಮಾಲೀಕರು ಬಾಡಿಗೆ ಏರಿಸಿದಾಗ ಮೇರಿ ಬಾರ್ಬರ್ ಮುಂತಾದ ಹೆಂಗಸರು ವಠಾರ ವಠಾರಗಳನ್ನು ಕಟ್ಟಿದರು. ಮನೆ ಖಾಲಿ ಮಾಡಿಸುವ ಅಧಿಕಾರಿ ಬಂದರೆ ಗಂಟೆ ಬಾರಿಸುವರು. ಕೇಳಿದವರೆಲ್ಲ ಕೆಲಸ ಬಿಟ್ಟು ಓಡಿಬಂದು ಬಾಗಿಲಿಗೆ ಅಡ್ಡ ನಿಲ್ಲುವರು. ಅದೇ ವರ್ಷ ಬ್ರಿಟಿಷ್ ಸರಕಾರ ಬಾಡಿಗೆ ಏರಿಕೆ ತಡೆಯುವ ಕಾಯಿದೆ ಮಾಡಬೇಕಾಯಿತು.

ನಮಗೂ ಒಂದು ಗಂಟೆ ಬೇಕು. ಶಾಲೆಯಲ್ಲಿ ನಾವು ಬಾರಿಸುತ್ತಿದ್ದುದು ರೈಲು ಕಂಬಿಯ ತುಂಡು. ಅದು ಊರಿಗೆಲ್ಲ ಕೇಳುತ್ತಿತ್ತು. ಅಂಥದೊಂದು ಕಬ್ಬಿಣದ ತುಂಡನ್ನು ವಠಾರದ ನಡುವೆ ತೂಗುಹಾಕಿ. ಗ್ಯಾಸು, ಬೆಂಕಿ, ಧರೆ ಯಾವುದೇ ಆಗಲಿ, ಮೊದಲು ಕಂಡವರು ಬಾರಿಸಲಿ. ಯಾರೊಡನೆ ಮಾತಿದೆ, ಯಾರೊಡನೆ ಇಲ್ಲ ಎಂದು ಗಂಟೆ ಕೇಳುವುದಿಲ್ಲ.

ಆ ತಾಯಿಯ ಕೈ ನಮ್ಮಿಂದ ಮರಳಿ ಬರಲಾರದು. ಆಕೆಯ ಮನೆಗೆ ಈಗಲೂ ಹೋಗಿ ಬರುತ್ತೇವೆ. ಆಕೆ ಒಂದು ದಿನವೂ ಆಡಿ ತೋರಿಸಿಲ್ಲ. ಈ ಭಾನುವಾರ ನಿಮ್ಮ ಸಾಲಿನಲ್ಲಿ ಮಾತು ಬಿಟ್ಟಿರುವ ಮನೆ ಯಾವುದೋ ಅಲ್ಲಿಗೆ ಮೊದಲು ಹೋಗಿ ಕೂಟಕ್ಕೆ ಕರೆಯಿರಿ. ಹತ್ತು ಹೆಜ್ಜೆಯ ದಾರಿ, ಅಷ್ಟೆ.