ಎಲೆ ಸುಟ್ಟರೆ ದಂಡ ಯಾರಿಗೆ?

ಇಯರ್‌ಫೋನ್ ಹಾಕ್ಕೊಂಡು ವಾಕಿಂಗ್ ಹೊರಟಿದ್ದೀರಾ? ಹಾಗಾದ್ರೆ ಒಂದು ನಿಮಿಷ ಸುತ್ತ ನೋಡಿ. ಬೆಂಗಳೂರಲ್ಲಿ ಫೆಬ್ರವರಿ, ಮಾರ್ಚ್ ಅಂದ್ರೆ ಹೊಂಗೆ ಮರ ಎಲೆ ಉದುರಿಸೋ ಕಾಲ. ಬೀದಿ ಗುಡಿಸಿ ಮೂಲೆಯಲ್ಲಿ ಗುಡ್ಡೆ ಹಾಕಿರ್ತಾರೆ. ಯಾವುದಾದ್ರೂ ಒಂದು ಗುಡ್ಡೆಯಿಂದ ಹೊಗೆ ಬರ್ತಾನೇ ಇರುತ್ತೆ.

ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರ ಅಮ್ಮನಿಗೆ ಅಸ್ತಮಾ. ಬೆಳಿಗ್ಗೆ ಕಿಟಕಿ ತೆಗೆದ್ರೆ ಕೆಮ್ಮು, ಮುಚ್ಚಿದ್ರೆ ಸೆಕೆ. ಇದಕ್ಕೆಲ್ಲ ಒಂದು ಕಾನೂನು ಅಂತ ಇದ್ಯಾ ಅನ್ನೋದು ಅವರ ಪ್ರಶ್ನೆ.

ಇದೆ. ಇವತ್ತು ನಿನ್ನೆಯದಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಕಸದ ವಿಷಯಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ರು. ಆ ಪ್ರಕರಣ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯ್ತು. 2016ರ ಡಿಸೆಂಬರ್‌ನಲ್ಲಿ ಮಂಡಳಿ ಕೊಟ್ಟ ಆದೇಶದ ಪ್ರಕಾರ ದೇಶದಲ್ಲಿ ಎಲ್ಲೂ ಕಸವನ್ನ ಬಯಲಲ್ಲಿ ಸುಡೋ ಹಾಗಿಲ್ಲ, ಕಸ ಸುರಿಯೋ ಜಾಗದಲ್ಲೂ ಇಲ್ಲ. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000. ಅದೇ ವರ್ಷ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಬೀದಿಯಲ್ಲಿ, ಖಾಲಿ ಸಾರ್ವಜನಿಕ ಜಾಗದಲ್ಲಿ ಕಸ ಎಸೆಯೋದು, ಸುಡೋದು, ಹೂಳೋದು ಮೂರನ್ನೂ ನಿಷೇಧಿಸಿದ್ವು.

"ಎಲೆ ತಾನೇ, ಪ್ಲಾಸ್ಟಿಕ್ ಅಲ್ವಲ್ಲ" ಅಂತ ಎಷ್ಟೋ ಜನ ಹೇಳ್ತಾರೆ. ಸ್ವಲ್ಪ ಯೋಚಿಸಿ. ಬೀದಿಯ ಗುಡ್ಡೆ ಧಗಧಗ ಅಂತ ಉರಿಯಲ್ಲ. ಮೇಲೆ ಒಣ ಎಲೆ, ಕೆಳಗೆ ಹಸಿ ಎಲೆ, ಮಧ್ಯೆ ಮಣ್ಣು. ಒಳಗೆ ಗಾಳಿ ಆಡಲ್ಲ, ಹಾಗಾಗಿ ಗಂಟೆಗಟ್ಟಲೆ ಬರೀ ಹೊಗೆಯಾಡುತ್ತೆ. ಅರೆಬರೆ ಉರಿದಷ್ಟೂ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ, ಸೂಕ್ಷ್ಮ ಕಣ ಜಾಸ್ತಿ. ಪಿಎಂ 2.5 ಅಂತೀವಲ್ಲ, ಅದು ನಮ್ಮ ಕೂದಲೆಳೆಯ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಭಾಗ. ಮೂಗು ಅದನ್ನ ತಡೆಯಲ್ಲ, ನೇರ ಶ್ವಾಸಕೋಶದ ಆಳಕ್ಕೆ ಹೋಗುತ್ತೆ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂತಿರುತ್ತೆ. ಹೊಗೆ ಮೇಲೆ ಹೋಗದೆ ಮೊದಲ ಮಹಡಿ ಕಿಟಕಿಯ ಮಟ್ಟದಲ್ಲೇ ಸುತ್ತುತ್ತೆ. ಇನ್ನು ನಮ್ಮ ಬೀದಿಯ ಗುಡ್ಡೆಯಲ್ಲಿ ಬರೀ ಎಲೆ ಇರುತ್ತಾ? ಹಾಲಿನ ಕವರು, ಗುಟ್ಕಾ ಚೀಟಿ, ಥರ್ಮೋಕೋಲ್ ತಟ್ಟೆ ಎಲ್ಲ ಇರುತ್ತೆ.

ಈಗ ದಂಡದ ವಿಷಯ. ನಾನು ಬಿ.ಕಾಂ ಓದಿದವಳು, ಏನೇ ನೋಡಿದ್ರೂ ಮೊದಲು ಖರ್ಚಿನ ಕಾಲಂ ಕಣ್ಣಿಗೆ ಬೀಳುತ್ತೆ. ಎಲೆ ಎಂದ್ರೆ ತೂಕ ಕಡಿಮೆ, ಗಾತ್ರ ಜಾಸ್ತಿ. ಒಂದು ರಸ್ತೆಯ ಎಲೆ ತುಂಬಿದ್ರೆ ಆಟೋ ಟಿಪ್ಪರ್ ಭರ್ತಿ. ಅದಕ್ಕೆ ಡೀಸೆಲ್ ಬೇಕು, ಆಳು ಬೇಕು, ಇಳಿಸೋಕೆ ಜಾಗ ಬೇಕು. ಬೆಂಕಿಪೊಟ್ಟಣಕ್ಕೆ 2 ರೂಪಾಯಿ. ಗಾಡಿಯ ಖರ್ಚು ಉಳೀತು ಅಂತ ಒಂದು ಕಡೆ ಲೆಕ್ಕ. ಆ ಖರ್ಚು ಎಲ್ಲೂ ಹೋಗಿರಲ್ಲ, ಅಸ್ತಮಾ ಇರೋ ಅಮ್ಮನ ಇನ್ಹೇಲರ್ ಬಿಲ್ಲಿಗೆ ವರ್ಗಾವಣೆ ಆಗಿರುತ್ತೆ.

ಕಡ್ಡಿ ಗೀರೋ ಕೈ ಯಾರದು? ಎಷ್ಟೋ ಸಲ ಪೌರಕಾರ್ಮಿಕರದ್ದೇ. ಬೆಳಿಗ್ಗೆ ಆರಕ್ಕೆ ಬಂದು ಗುಡಿಸ್ತಾರೆ, ಗಾಡಿ ಬರಲ್ಲ, ಗಾಳಿಗೆ ಎಲೆ ಮತ್ತೆ ಹರಡುತ್ತೆ, ಮೇಲಿನವರು ಬೈತಾರೆ. ಎಲ್ಲರಿಗಿಂತ ಹತ್ತಿರದಿಂದ ಆ ಹೊಗೆ ಕುಡಿಯೋರೂ ಅವರೇ. ವಿಡಿಯೋ ಮಾಡಿ ಅವರ ಮುಖ ವಾಟ್ಸಾಪ್ ಗ್ರೂಪಿಗೆ ಹಾಕೋದು ನನಗಂತೂ ಸರಿ ಕಾಣಲ್ಲ. ಯಾಕಂದ್ರೆ ಅದೇ 2016ರ ನಿಯಮಗಳು ಸ್ಥಳೀಯ ಸಂಸ್ಥೆಗೂ ಒಂದು ಕೆಲಸ ಹೇಳಿದ್ವು: ಪಾರ್ಕು, ತೋಟದ ಕಸವನ್ನ ಪ್ರತ್ಯೇಕವಾಗಿ ಸಂಗ್ರಹಿಸಿ, ಸಾಧ್ಯವಾದಷ್ಟೂ ಅಲ್ಲಲ್ಲೇ ಗೊಬ್ಬರ ಮಾಡಬೇಕು. ಸುಡಬಾರದು ಅನ್ನೋ ಅರ್ಧ ಎಲ್ಲರಿಗೂ ಗೊತ್ತು. ಎತ್ತಬೇಕು ಅನ್ನೋ ಅರ್ಧವನ್ನ ಯಾರೂ ಕೇಳಲ್ಲ.

ಹಾಗಾಗಿ ಬೆಂಕಿ ಬಿದ್ದ ಮೇಲೆ ಅಲ್ಲ, ಗುಡ್ಡೆ ಬಿದ್ದ ದಿನವೇ ಫೋಟೋ ತೆಗೆದು 1533ಕ್ಕೆ ದೂರು ಕೊಡಿ. ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ನಿಮ್ಮದು ಯಾವುದು ಅಂತ ಒಮ್ಮೆ ನೋಡಿಟ್ಕೊಳ್ಳಿ. ನಿಮ್ಮ ಬೀದಿಯಲ್ಲಿ ಪಾರ್ಕ್ ಇದ್ರೆ ಇನ್ನೂ ಸುಲಭ. ಜಾಲರಿಯನ್ನ ಉರುಟಾಗಿ ಸುತ್ತಿ ನಿಲ್ಲಿಸಿ, ಎಲೆ ತುಂಬಿ, ಆಗಾಗ ನೀರು, ಒಂದಿಷ್ಟು ಸಗಣಿ ಅಥವಾ ಹುಳಿ ಮಜ್ಜಿಗೆ ಹಾಕಿದ್ರೆ ಕೆಲವು ತಿಂಗಳಲ್ಲಿ ಗೊಬ್ಬರ. ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಗೊಬ್ಬರ ಮಾಡೋ ಬಗೆಬಗೆಯ ವಿಧಾನ ನೋಡಬಹುದು.

ಹಬ್ಬದ ಬೆಂಕಿ ಬಗ್ಗೆನೂ ಕೇಳ್ತೀರಾ ಅಂತ ಗೊತ್ತು. ಸಂಕ್ರಾಂತಿಗೆ ಹುಲ್ಲು ಹಾಕಿ ದನಗಳಿಗೆ ಕಿಚ್ಚು ಹಾಯಿಸೋದು ಕಸ ಸುಡೋದಲ್ಲ. ಕಾಮದಹನದ ಸೌದೆಯೂ ಅಲ್ಲ. ಆದ್ರೆ ಆ ರಾಶಿಗೆ ಹಳೇ ಟೈರ್, ಮುರಿದ ಪ್ಲಾಸ್ಟಿಕ್ ಕುರ್ಚಿ ಬಿತ್ತು ಅಂದ್ರೆ ಅದು ಕಸವೇ, ಕಾಮಣ್ಣನ ಹೆಸರು ಹೇಳಿದ್ರೂ ಅಷ್ಟೇ.

ಕ್ಯಾಂಪ್‌ಫೈರ್ ಮಾತ್ರ ಬೇರೆ ಲೆಕ್ಕ. ವೀಕೆಂಡ್‌ಗೆ ಚಿಕ್ಕಮಗಳೂರು, ಸಕಲೇಶಪುರ ಅಂತ ಹೋಗ್ತೀವಲ್ಲ, ಅಲ್ಲಿ ಬೆಂಕಿಗೆ ಜೀವಗಳೇ ಹೋಗಿವೆ. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಡೆ, ಕಾಳ್ಗಿಚ್ಚು ನಂದಿಸೋಕೆ ಹೋದ ಅರಣ್ಯ ಸಿಬ್ಬಂದಿ ವಾಪಸ್ ಬರಲಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಕರಕಲಾಯ್ತು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಬೆಂಕಿ ಹಚ್ಚೋದು ಅಪರಾಧ. ಚಹಾ ಕಾಯಿಸೋಕೆ ಅಂದ್ರೂ ಅಪರಾಧವೇ. ಅರಣ್ಯ ಇಲಾಖೆಯವರೇ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಅಂತ ಸುಡ್ತಾರಲ್ಲ ಅಂತ ಟ್ರೆಕ್ಕಿಂಗ್ ಗುಂಪಲ್ಲಿ ಒಬ್ಬರಾದ್ರೂ ವಾದ ಮಾಡ್ತಾರೆ. ಅದು ಬೆಂಕಿ ದಾಟದ ಹಾಗೆ ಒಣಹುಲ್ಲಿನ ಪಟ್ಟಿಯನ್ನ ಮೊದಲೇ ತೆಗೆಯೋ ಕೆಲಸ, ನೋಡ್ಕೊಳ್ಳೋಕೆ ಜನ ಇಟ್ಕೊಂಡೇ ಮಾಡ್ತಾರೆ.

ಹೋಂಸ್ಟೇ ಅಂಗಳದಲ್ಲಿ ಹಾಕಿದ್ರೂ ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್ ಇದೆ. ಜನರ ಜೀವಕ್ಕೆ ಅಪಾಯ ಆಗೋ ಹಾಗೆ ಬೆಂಕಿ ವಿಷಯದಲ್ಲಿ ಅಜಾಗರೂಕತೆ ತೋರಿಸಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ 2,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ರಾತ್ರಿ ಹಾಡು ಮುಗಿಸಿ ಮಲಗೋ ಮುಂಚೆ ಮಣ್ಣು ಮುಚ್ಚಿ ಹೋಗಬೇಡಿ, ಮಣ್ಣಿನ ಕೆಳಗೆ ಕೆಂಡ ಬೆಳಗಿನವರೆಗೂ ಜೀವಂತ ಇರುತ್ತೆ. ನೀರು ಸುರಿದು, ಕೋಲಲ್ಲಿ ಕೆದಕಿ, ಮತ್ತೆ ನೀರು ಸುರೀರಿ. ಅಂಗೈ ಹಿಂಭಾಗ ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗ್ತಿದ್ರೆ ಇನ್ನೊಂದು ಬಕೆಟ್. ಬೆಂಕಿ ಕೈ ಮೀರಿದ್ರೆ 112.

ನಿಮ್ಮ ಬೀದಿಯ ಎಲೆ ಎತ್ತೋಕೆ ಗಾಡಿ ಬರುತ್ತಾ, ಬಂದ್ರೆ ಯಾವ ವಾರ? ಏರಿಯಾ ಹೆಸರು ಹೇಳಿ ವಾಯ್ಸ್ ನೋಟ್ ಕಳಿಸಿ. ಬಂದಿದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.